ಮೈಕ್ರಾನ್ ಕಟ್ಟಿದ ಮಷೀನು

ಟೈಲರಮ್ಮನ ಗಂಡನಿಗೆ ಕಾರ್ಖಾನೆಯವರು ಇಟ್ಟ ಹೆಸರು ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಚೂರು ಮಾಡಿದರೆ ಅದರಲ್ಲೊಂದು ಚೂರು ಮೈಕ್ರಾನ್; ಆ ಚೂರಿನಲ್ಲೂ ತಪ್ಪು ಹುಡುಕುವ ಮನುಷ್ಯ ಅಂತ ಆ ಹೆಸರು. ಮೂವತ್ನಾಲ್ಕು ವರ್ಷ ಗುಣಮಟ್ಟ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿದ್ದನ್ನು ಅಳೆದು, ಮೂಗು ಮುರಿದು, ಪಕ್ಕಕ್ಕೆ ಎತ್ತಿಡುವುದು ಅವರ ಉದ್ಯೋಗ. ತಾವಾಗಿ ಒಂದು ವಾಷರನ್ನೂ ಮಾಡಿದವರಲ್ಲ. ಮಾಡುವವನ ಕೈ ತಪ್ಪುತ್ತದೆ, ಅಳೆಯುವವನ ಕೈ ಎಂದೂ ತಪ್ಪುವುದಿಲ್ಲ. ಈ ಸುಖ ಎಷ್ಟು ದೊಡ್ಡದು ಎಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು.

ನಿವೃತ್ತಿಯಾದ ಮೇಲೆ ಅಳೆಯಲು ಉಳಿದದ್ದು ಮನೆ ಒಂದೇ. ಬಾಗಿಲಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಲೋಟದಲ್ಲಿ ಕಾಫಿ ನಿನ್ನೆಗಿಂತ ಕಡಿಮೆ. ಹೆಂಡತಿ ಹೊಲಿದ ಪರದೆಯ ಅಂಚು ಎಡಕ್ಕೆ ಎರಡು ಎಳೆ ಇಳಿದಿದೆ. ಟೈಲರಮ್ಮ ಮೊದಮೊದಲು ಉತ್ತರ ಕೊಟ್ಟಳು, ಆಮೇಲೆ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟಳು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಯಾವ ಮಾತಿಗೆ ಹೊಲಿಗೆ ಮಷೀನು ನಿಲ್ಲಿಸಬೇಕು, ಯಾವ ಮಾತಿಗೆ ಇನ್ನೂ ಜೋರಾಗಿ ತುಳಿಯಬೇಕು ಎಂಬುದು ತಾನಾಗಿಯೇ ಗೊತ್ತಾಗಿರುತ್ತದೆ.

ಹೀಗಿರುವಾಗ ಹಳೆಯ ಸಹೋದ್ಯೋಗಿಯೊಬ್ಬ ಒಂದು ವಿಡಿಯೊ ಕಳಿಸಿದ. ಮನೆಯಲ್ಲೇ ಜೋಡಿಸಿಕೊಳ್ಳುವ ಮಷೀನು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಅದೇ ಮರದ ಮೇಲೆ ಓಡಾಡಿ ಕೊರೆದು ಕೊಡುತ್ತದೆ. ಮೈಕ್ರಾನ್ ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಒಂಬತ್ತು ತಪ್ಪು ಪಟ್ಟಿ ಮಾಡಿ ವಾಪಸು ಕಳಿಸಿದರು. ಅವನು ಒಂದೇ ಸಾಲು ಬರೆದ: ‘ನೀವೊಂದು ಮಾಡಿ ತೋರಿಸಿ ಸಾರ್.’ ಅಷ್ಟು ವರ್ಷದ ನೌಕರಿಯಲ್ಲಿ ಅವರಿಗೆ ಯಾರೂ ಆಡಿರದ ಮಾತು ಅದು. ಹದಿನೈದು ದಿನಕ್ಕೆ ಬಾಗಿಲಿಗೆ ಮೂರು ರಟ್ಟಿನ ಪೆಟ್ಟಿಗೆ ಬಂದವು.

ಪೆಟ್ಟಿಗೆ ಬಿಚ್ಚಲು ಜಾಗ ಬೇಕು. ಮನೆಯಲ್ಲಿ ದೊಡ್ಡ ಜಾಗ ಅಂದರೆ ಮುಂದಿನ ಕೋಣೆಯ ಮೇಜು, ಟೈಲರಮ್ಮ ಬಟ್ಟೆ ಕತ್ತರಿಸುವ ಮೇಜು. ಆರಡಿ ಉದ್ದ, ನಾಲ್ಕಡಿ ಅಗಲ. ಅದರ ಎಡ ಮೂಲೆಯಲ್ಲಿ ಇಪ್ಪತ್ತು ವರ್ಷ ಬಿಸಿ ಇಸ್ತ್ರಿಪೆಟ್ಟಿಗೆ ಕೂತು ಕೂತು ಹಲಗೆ ಒಂದು ಬಿಸ್ಕತ್ತಿನ ದಪ್ಪದಷ್ಟು ಇಳಿದಿತ್ತು. ಅವಳು ಅದಕ್ಕೆ ಒಗ್ಗಿಹೋಗಿ ಬಲಗಡೆಯಿಂದಲೇ ಕತ್ತರಿಸುತ್ತಿದ್ದಳು.

“ಮೂರು ದಿನ ಬಿಟ್ಕೊಡು, ಸಾಕು,” ಎಂದರು ಮೈಕ್ರಾನ್.

“ಮೂರೇ ದಿನ. ಶಾಲೆ ಬ್ಯಾಂಡಿನ ಮೂವತ್ತೆರಡು ಕೋಟು ಒಪ್ಕೊಂಡಿದೀನಿ. ಮತ್ತೆ, ಆ ಎಡ ಮೂಲೆ ಇಳಿದಿದೆ, ನೋಡ್ಕೊಳ್ಳಿ.”

“ನೋಡೋದು ನನ್ನ ಕೆಲಸ ಕಣೇ, ನೀನು ಹೇಳ್ಬೇಕಾ?”

ನೋಡಿದರು, ಇಲ್ಲವೆನ್ನುವಂತಿಲ್ಲ. ಅಲ್ಯೂಮಿನಿಯಂ ಪಟ್ಟಿಗಳನ್ನು ಒಂದೊಂದಾಗಿ ಅಳೆದರು. ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಮಲಗಿಸಿ ಅಳೆದರು. ವಾಷರಿನ ದಪ್ಪ ಅಳೆದರು. ಕೈಪಿಡಿಯಲ್ಲಿ ಮೂರು ಕಡೆ ತಪ್ಪಿದೆಯೆಂದು ಕೆಂಪು ಪೆನ್ನಿನಲ್ಲಿ ತಿದ್ದಿದರು. ಅಂಕಿಗೆ ಒಪ್ಪದ ಹನ್ನೊಂದು ನಟ್ಟುಗಳನ್ನು ಬೇರೆ ಡಬ್ಬಿಗೆ ಹಾಕಿ, ಕಂಪನಿಗೆ ನಾಲ್ಕು ಪುಟದ ಪತ್ರ ಬರೆದು, ಬದಲಿ ನಟ್ಟು ಬರುವವರೆಗೆ ಹನ್ನೆರಡು ದಿನ ಕಾದರು. ಅಳೆಯದೆ ಬಿಟ್ಟದ್ದು ಒಂದೇ, ಮೇಜು. ಅದು ಪೆಟ್ಟಿಗೆಯಲ್ಲಿ ಬಂದ ವಸ್ತುವಲ್ಲ, ಬಿಡಿಭಾಗಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಅಳೆದರೆ ಅವರ ಮೂವತ್ನಾಲ್ಕು ವರ್ಷದ ಶಿಸ್ತು ಏನಾಗಬೇಕು?

ಮೂರು ದಿನ ಹೋಗಿ ಮೂರು ವಾರವಾಯಿತು. ಟೈಲರಮ್ಮ ನೆಲದ ಮೇಲೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ನೀಲಿ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸಲು ನೋಡಿದಳು. ಒಂದು ಕೋಟಿಗೆ ಮಂಡಿ ನೋವು, ಎರಡಕ್ಕೆ ಸೊಂಟ ನೋವು. ಮೂರನೆಯದರ ತೋಳು ಎರಡೂ ಎಡಗೈಯದ್ದೇ ಆಗಿ ಕೂತಿತು. ಬಟ್ಟೆ ದಂಡವಾಯಿತು. ಅದನ್ನು ಕಂಡ ಮೈಕ್ರಾನ್ ಕನ್ನಡಕ ಏರಿಸಿಕೊಂಡು, “ಇಂಥ ತಪ್ಪು ನನ್ನ ವಿಭಾಗದಲ್ಲಾಗಿದ್ರೆ ಮೆಮೊ ಕೊಡ್ತಿದ್ದೆ,” ಎಂದರು. ಆ ಕ್ಷಣ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಕತ್ತರಿ ಬೇರೆ ಇತ್ತು. ಹಲ್ಲು ಕಚ್ಚಿಕೊಂಡು ಅದನ್ನು ಕೆಳಗಿಟ್ಟಳು.

ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು. “ನೋಡಿಮ್ಮಾ, ಹತ್ತನೇ ತಾರೀಖಿಗೆ ಕೋಟು ಬರ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ರೆಡಿಮೇಡ್ ತರಿಸ್ತೀವಿ. ಒಂದ್ಸಲ ರೆಡಿಮೇಡಿಗೆ ಹೋದ್ರೆ ಆಮೇಲೆ ಅದೇ ಅಭ್ಯಾಸ ಆಗುತ್ತೆ, ನಿಮಗೇ ಗೊತ್ತಲ್ಲ.” ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಆ ಶಾಲೆಯ ಹೊಲಿಗೆ ಅವಳದೇ. ಅದೊಂದು ಕೈಬಿಟ್ಟರೆ ಅವಳ ಕೆಲಸದಲ್ಲಿ ಉಳಿಯುವುದು ದಿಂಬಿನ ಕವರು, ಹರಿದ ಜಿಪ್ಪು. “ಆಗುತ್ತೆ ಮೇಡಂ,” ಎಂದಳು. ಕೈಯಲ್ಲಿ ಉಳಿದದ್ದು ಹನ್ನೊಂದು ದಿನ.

ಕೊನೆಗೂ ಮಷೀನು ಎದ್ದು ನಿಂತಿತು. ನಾಲ್ಕು ಕಾಲಿನ ಚೌಕಟ್ಟು, ಅದರ ಮೇಲೆ ಹಿಂದೆ ಮುಂದೆ ಓಡುವ ಅಡ್ಡ ಕಮಾನು, ಕಮಾನಿನಲ್ಲಿ ಕೊರೆಯುವ ಮೋಟರು. ಮೇಜಿನ ಮೇಲೆ ಅದು ಬೆಣ್ಣೆಯ ಮೇಲೆ ಚಾಕು ಓಡಿದಂತೆ ಓಡಿತು. ಮೈಕ್ರಾನ್ ಎರಡು ಕೈ ಹಿಂದೆ ಕಟ್ಟಿಕೊಂಡು ನಿಂತರು. ಹೆತ್ತ ಮಗಳು ಮೊದಲ ಹೆಜ್ಜೆ ಇಟ್ಟಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ. ಇನ್ನು ಅದನ್ನು ಹಿಂದಿನ ಬಾಲ್ಕನಿಯ ಕಲ್ಲುಚಪ್ಪಡಿಯ ಮೇಲೆ ಕೂರಿಸುವುದಷ್ಟೇ ಬಾಕಿ. ಆ ಜಾಗವನ್ನು ಮೊದಲೇ ಗೊತ್ತು ಮಾಡಿದ್ದರು. ಗಂಡ ಹೆಂಡತಿ ಇಬ್ಬರೂ ಎತ್ತಿ ಒಯ್ದು ಇಟ್ಟರು.

ಮಷೀನಿನ ಒಂದು ಕಾಲು ಕುಂಟು ನಾಯಿಯ ಕಾಲಿನಂತೆ ನೆಲ ಮುಟ್ಟದೆ ಗಾಳಿಯಲ್ಲೇ ನಿಂತಿತು. ಆ ಮೂಲೆಯನ್ನು ಒತ್ತಿದರೆ ಎದುರಿನ ಮೂಲೆ ಏಳುತ್ತದೆ. ಸ್ವಿಚ್ ಹಾಕಿದರೆ ಕಮಾನು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಕಿರುಗುಟ್ಟಿತು.

“ಚಪ್ಪಡಿ ಸೊಟ್ಟ,” ಎಂದರು ಮೈಕ್ರಾನ್, ಎಳ್ಳಷ್ಟೂ ಅನುಮಾನವಿಲ್ಲದೆ.

ಮೇಸ್ತ್ರಿ ಬಂದ. ಮಟ್ಟಗೋಲು ಇಟ್ಟ, ತಿರುಗಿಸಿ ಇಟ್ಟ, ಮೂಲೆಯಿಂದ ಮೂಲೆಗೆ ಇಟ್ಟ. “ಕಲ್ಲು ಸರಿಯಾಗಿದೆ ಸಾರ್. ಬೇಕಾದ್ರೆ ನೀವೇ ನೋಡಿ.” ಮೈಕ್ರಾನ್ ಅವನ ಮಟ್ಟಗೋಲನ್ನೇ ಅಳೆದರು. ಮೇಸ್ತ್ರಿ ಕಾಫಿಯನ್ನೂ ಕುಡಿಯದೆ ಹೊರಟುಹೋದ. ಆಮೇಲೆ ಮಷೀನನ್ನು ಹಜಾರದ ನೆಲಕ್ಕಿಟ್ಟು ನೋಡಿದರು, ಮಲಗುವ ಕೋಣೆಯ ನೆಲಕ್ಕಿಟ್ಟು ನೋಡಿದರು, ಅಡಿಗೆಮನೆಯ ಕಟ್ಟೆಗೂ ಒಯ್ದರು. ಎಲ್ಲ ಕಡೆ ಅದೇ ಕಾಲು ಗಾಳಿಯಲ್ಲಿ. ಮನೆ ಕಟ್ಟಿದವರನ್ನು ವಾಚಾಮಗೋಚರ ಬೈದರು. ತಿರುಗಿ ಮೇಜಿನ ಮೇಲಿಟ್ಟರು. ನಾಲ್ಕೂ ಕಾಲು ಅಚ್ಚುಕಟ್ಟಾಗಿ ಕೂತವು.

ಮರುದಿನ ಊಟಕ್ಕೆ ಕೂತಾಗ ತೀರ್ಮಾನ ಹೊರಬಿತ್ತು. “ಇಡೀ ಮನೇಲಿ ಸಮತಟ್ಟಾದ ಜಾಗ ಅಂದ್ರೆ ಆ ಮೇಜೊಂದೇ. ಮಷೀನು ಅಲ್ಲೇ ಇರಲಿ.”

“ಎಷ್ಟು ದಿನ?”

“ಎಷ್ಟು ದಿನ ಅಂದ್ರೆ? ಖಾಯಂ. ನಿನಗೆ ಬೇರೆ ಮೇಜು ಮಾಡಿಸೋಣ. ಆದ್ರೆ ಅದನ್ನ ಹಾಕೋಕೆ ಮನೇಲಿ ಜಾಗ ಎಲ್ಲಿದೆ, ಅದನ್ನ ಸ್ವಲ್ಪ ಯೋಚನೆ ಮಾಡ್ಬೇಕು.”

“ರೀ, ಆ ಮೇಜಿನ ಮೂಲೆ ಇಳಿದಿದೆ ಅಂತ ಮೊದಲ ದಿನಾನೇ ಹೇಳಿದ್ದೆ. ಅದರ ಮೇಲೆ ಕಟ್ಟಿದ್ದಕ್ಕೆ ಮಷೀನಿಗೂ ಅದೇ ಸೊಟ್ಟು ಬಂದಿದೆ. ಒಂದು ಭುಜ ಇಳಿದವರ ಅಳತೆಗೆ ಹೊಲಿದ ಕೋಟು ಅವರಿಗೆ ಮಾತ್ರ ಕೂರುತ್ತೆ, ಬೇರೆಯವರಿಗೆ ಹಾಕಿದ್ರೆ ಎಳೆಯುತ್ತೆ. ಬೋಲ್ಟು ಸಡಿಲ ಮಾಡಿ, ಕಲ್ಲಿನ ಮೇಲಿಟ್ಟು, ಮತ್ತೆ ಬಿಗಿ ಮಾಡಿ, ಅಷ್ಟೇ.”

ಮೈಕ್ರಾನ್ ತಟ್ಟೆಯಿಂದ ತಲೆ ಎತ್ತಿ ನಕ್ಕರು. ಬೈದಿದ್ದರೆ ಅವಳು ಸಹಿಸುತ್ತಿದ್ದಳೇನೋ. “ಇದು ಲೋಹ ಕಣೇ, ಲಂಗ ಅಲ್ಲ.”

ಅವಳ ಪಾಲಿಗೆ ಆ ಊಟದ ರುಚಿ ಅಲ್ಲಿಗೇ ಮುಗಿಯಿತು.

ಹೇಗಾದರೂ ಮಾಡಿ ಹೆಂಡತಿಯ ಬಾಯಿ ಮುಚ್ಚಿಸಬೇಕೆಂದು ಮಾರನೆಯ ಬೆಳಿಗ್ಗೆ ಮೈಕ್ರಾನ್ ಕಾರ್ಖಾನೆಗೆ ಹೊರಟರು. ಅಲ್ಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸಿಟ್ಟಿರುವ ಉಕ್ಕಿನ ನೇರಪಟ್ಟಿಯೊಂದಿತ್ತು. ಅದನ್ನು ಒಂದು ದಿನಕ್ಕೆ ಎರವಲು ತಂದು ಚಪ್ಪಡಿಯ ಸೊಟ್ಟನ್ನು ಸಾಬೀತು ಮಾಡುವುದು ಅವರ ಯೋಜನೆ. ಹೋಗಿಬರಲು ನಾಲ್ಕು ತಾಸು.

ಗೇಟು ಮುಚ್ಚಿದ ಸದ್ದು ಕೇಳಿದ್ದೇ ತಡ, ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಲಿಗೆ ಮಷೀನನ್ನು ತಲೆಸಮೇತ ಎತ್ತಿ ಇಳಿಸಿ ಅಭ್ಯಾಸವಿದ್ದವಳು, ತೂಕಕ್ಕೆ ಹೆದರುವವಳಲ್ಲ. ಗಂಡನ ಪಟ್ಟು ಅದಕ್ಕಿಂತ ಭಾರವಾಗಿತ್ತು, ಅದನ್ನೇ ಮೂವತ್ತೊಂದು ವರ್ಷ ಹೊತ್ತಿದ್ದಳು. ಮಷೀನನ್ನು ಬಾಲ್ಕನಿಗೆ ಸಾಗಿಸಿ ಚಪ್ಪಡಿಯ ಮೇಲಿಟ್ಟಳು. ಅಲೆನ್ ಕೀ ಹಿಡಿದು ಚೌಕಟ್ಟಿನ ಬೋಲ್ಟುಗಳನ್ನು ಒಂದೊಂದೇ ಅರ್ಧ ಸುತ್ತು ಸಡಿಲ ಮಾಡುತ್ತ ಹೋದಳು. ಯಾವುದೂ ಮರೆಯಬಾರದೆಂದು, ಬಿಚ್ಚಿದ ಪ್ರತಿ ಬೋಲ್ಟಿನ ಪಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಎಲ್ಲ ಸೇರಿ ನಲವತ್ನಾಲ್ಕಾದವು. ಕೊನೆಯದು ಸಡಿಲವಾದಾಗ ಚೌಕಟ್ಟು ಟಿಕ್ ಎಂದು ಸಣ್ಣದಾಗಿ ಸದ್ದು ಮಾಡಿತು. ಗಾಳಿಯಲ್ಲಿದ್ದ ಕಾಲು ಕಲ್ಲಿಗೆ ಇಳಿಯಿತು.

ಕೊರಳಲ್ಲಿದ್ದ ಟೇಪು ತೆಗೆದು ಮೂಲೆಯಿಂದ ಮೂಲೆಗೆ ಹಿಡಿದಳು, ಆಮೇಲೆ ಇನ್ನೆರಡು ಮೂಲೆಗೆ. ಕೋಟಿನ ಎರಡು ಮಗ್ಗುಲು ತಾಳೆ ನೋಡುವುದು ಹೀಗೆಯೇ. ಎರಡೂ ಒಂದೇ ಬಂತು. ಮೊದಲು ಎಲ್ಲವನ್ನೂ ಕಚ್ಚಾ ಹೊಲಿಗೆಯಂತೆ ಒಂದಿಷ್ಟು ಕಚ್ಚಿಸಿ, ಮತ್ತೆ ಟೇಪು ಹಿಡಿದು ನೋಡಿ, ಆಮೇಲೆ ಎದುರುಬದುರಾಗಿ ಗಟ್ಟಿ ಮಾಡಿದಳು. ಸ್ವಿಚ್ ಹಾಕಿದಳು. ಕಮಾನು ಆ ತುದಿಗೆ ಹೋಗಿ ಈ ತುದಿಗೆ ಸದ್ದಿಲ್ಲದೆ ಬಂತು. ಅವಳಿಗೆ ಜೋರಾಗಿ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಯಾರೂ ಇರಲಿಲ್ಲವಾದ್ದರಿಂದ ಎರಡನ್ನೂ ತಡೆಯಲಿಲ್ಲ.

ಮೈಕ್ರಾನ್ ಮಖಮಲ್ಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಬಂದಾಗ ಮೇಜಿನ ತುಂಬ ನೀಲಿ ಬಟ್ಟೆ ಹರಡಿತ್ತು. ಟೈಲರಮ್ಮ ಬಲಗಡೆ ನಿಂತು ಕತ್ತರಿ ಆಡಿಸುತ್ತಿದ್ದಳು.

“ಎಲ್ಲಿ? ಎಲ್ಲಿ ನನ್ನ ಮಷೀನು?”

“ಬಾಲ್ಕನೀಲಿದೆ. ಬಿಚ್ಚಿ ಸರಿ ಮಾಡಿದೀನಿ.”

“ಬಿಚ್ಚಿದ್ಯಾ?” ಅವರ ಧ್ವನಿ ಕೀರಲಾಯಿತು. “ಒಂದು ತಿಂಗಳ ಕೆಲಸ! ಯಾರನ್ನ ಕೇಳಿ ಬಿಚ್ಚಿದೆ?”

ಅವಳು ಕತ್ತರಿ ನಿಲ್ಲಿಸಲಿಲ್ಲ. ಅವರು ಬಾಲ್ಕನಿಗೆ ಓಡಿದರು. ಅಲ್ಲಿಂದ ಬೈಗುಳ ಬರುತ್ತದೆಂದು ಅವಳು ಕಾದಳು. ಬಂದದ್ದು ಪೆಟ್ಟಿಗೆಯ ಕೊಂಡಿ ತೆಗೆದ ಸದ್ದು, ಉಕ್ಕಿನ ಪಟ್ಟಿ ಕಲ್ಲಿಗೆ ತಾಗಿದ ಸದ್ದು, ಕಮಾನು ಓಡಿದ ಸದ್ದು, ಮತ್ತೆ ಓಡಿದ ಸದ್ದು. ಮೂರು ಕೋಟಿನ ಬಟ್ಟೆ ಕತ್ತರಿಸಿ ಮುಗಿಯುವವರೆಗೂ ಅವರು ಅಳೆಯುತ್ತಲೇ ಇದ್ದರು.

ಬಾಗಿಲಲ್ಲಿ ಬಂದು ನಿಂತಾಗ ಮುಖಕ್ಕೆ ಕಳೆ ಮರಳಿತ್ತು. ಕಾರ್ಖಾನೆಯಲ್ಲಿ ಇಡೀ ಜೀವಮಾನ ಹೊತ್ತಿದ್ದ ಕಳೆ.

“ಒಂದು ಬೋಲ್ಟು ಸಡಿಲ ಇದೆ.”

“ಯಾವುದು?”

“ಕೊರೆಯೋ ಮೋಟರಿನ ಹಿಂದೆ, ಬಲಗಡೆದು. ಬೆರಳಲ್ಲೇ ತಿರುಗುತ್ತೆ. ಇದಕ್ಕೇ ನಾನು ಹೇಳೋದು, ಗೊತ್ತಿಲ್ಲದವರು ಕೈ ಹಾಕ್ಬಾರ್ದು ಅಂತ. ಬಿಗಿ ಮಾಡೋದಕ್ಕೂ ಒಂದು ಕ್ರಮ ಅಂತಿರುತ್ತೆ. ಅಲ್ಲಾಡ್ತಾ ಅಲ್ಲಾಡ್ತಾ ಮೋಟರೇ ಬಿದ್ದುಹೋಗಿದ್ರೆ? ಯಾರ ಕೈ ಮೇಲೋ ಬಿದ್ದಿದ್ರೆ?”

“ಮಿಕ್ಕಿದ್ದೆಲ್ಲ?”

ಮೈಕ್ರಾನ್ ಗೋಡೆ ನೋಡಿದರು. “ಮಿಕ್ಕಿದ್ದು... ಪರವಾಗಿಲ್ಲ. ನಾನು ಕೇಳ್ತಿರೋದು ಆ ಬೋಲ್ಟಿನ ವಿಷಯ.”

“ನಾನು ಮುಟ್ಟಿದ್ದಕ್ಕೆಲ್ಲ ಪಕ್ಕದಲ್ಲೇ ಸೀಮೆಸುಣ್ಣದ ಗೆರೆ ಎಳೆದಿದೀನಿ,” ಎಂದಳು ಟೈಲರಮ್ಮ, ಬಟ್ಟೆಯಿಂದ ಕಣ್ಣೆತ್ತದೆ. “ಅದಕ್ಕೆ ಗೆರೆ ಇದೆಯಾ, ನೋಡ್ಕೊಂಡು ಬನ್ನಿ.”

ಅವರು ಹೋದರು. ತಡವಾಗಿ, ಬಹಳ ತಡವಾಗಿ, ಅಲೆನ್ ಕೀ ತಿರುಗಿದ ಸದ್ದು ಕೇಳಿತು. ತಿರುಗಿ ಬಂದು ಅದೇ ಬಾಗಿಲಲ್ಲಿ ನಿಂತರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

“ಗೆರೆ ಇಲ್ಲ,” ಎಂದರು.

ತಪ್ಪು ತಮ್ಮದೆಂದು ಒಪ್ಪುವ ಈ ಒಂದು ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆ ಎಂದುಕೊಂಡಳು ಟೈಲರಮ್ಮ. ಸಿಕ್ಕಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಕೈಗೆ ಕೆಲಸ, ಕೆಲಸಕ್ಕೆ ಮೇಜು, ಇವೆರಡು ಇದ್ದರೆ ಸಾಕಾಗಿತ್ತು, ಈ ಮನುಷ್ಯನ ಮಾತಿಗೆ ಇಷ್ಟು ವರ್ಷ ಯಾಕೆ ಕಾದೆ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಬಿಗಿ ಮಾಡಿದ್ರಾ?” ಎಂದು ಕೇಳಿದಳು.

“ಹೂಂ.”

“ಸರಿ. ಆ ಕುರ್ಚಿ ಆಚೆ ತಳ್ಳಿ. ಬಟ್ಟೆದು ಇನ್ನೊಂದು ಥಾನು ಬಿಡಿಸ್ಬೇಕು, ಜಾಗ ಸಾಲ್ತಿಲ್ಲ.”

ಮೈಕ್ರಾನ್ ಕುರ್ಚಿ ತಳ್ಳಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಒತ್ತಿ ನಿಂತರು. ಅವಳು ಬಟ್ಟೆ ಬಿಡಿಸಿ ಮುಂದಿನ ಕೋಟಿಗೆ ಗುರುತು ಹಾಕಿದಳು.