ಹುಳಿ ಏರುವ ಹೊತ್ತು

"ಕುಂಡಿ ಮೇಲೆತ್ಕಂಡು ನೆಲ ನೋಡೋದೊಂದು ಬಿಟ್ರೆ ಇನ್ನೇನ್ರೇ ಬತ್ತದೆ ನಿಮ್ಗೆ? ಅದ್ನೂ ನೆಟ್ಟಗೆ ಮಾಡಾಕಾಗಲ್ವಾ, ಮುಂಡೇವಾ?"

ಬೆನ್ಸನ್ ಬೂಟುಗಾಲಿನಿಂದ ಮರದ ಬುಡದ ಜರಿಗಿಡವನ್ನು ಒದ್ದ. ಗಿಡ ವಾಲಿತು. ಅದರಡಿಯಲ್ಲಿ ಕೆಂಪಗೆ ಮೂರು ಹಣ್ಣು ಕೂತಿದ್ದವು.

"ಇಕಾ ನೋಡು. ಇವನ್ನ ನಿಮ್ಮಪ್ಪ ಬಂದು ಆರಿಸ್ತಾನಾ?"

ಬಗ್ಗಿದ್ದ ನಾನು ಬಗ್ಗಿಕೊಂಡೇ ಹೋಗಿ ಆ ಮೂರನ್ನೂ ಹೆಕ್ಕಿ ಬಕೀಟಿಗೆ ಹಾಕಿದೆ. ತಾಳೆಯ ಗೊನೆ ಇಳಿಸುವುದು ಗಂಡಸರ ಕೆಲಸ. ಉದ್ದನೆಯ ದೋಟಿಯ ತುದಿಗೆ ಕುಡುಗೋಲು ಕಟ್ಟಿ ಎಳೆಯುತ್ತಾರೆ. ಗೊನೆ ದೊಪ್ಪನೆ ಬೀಳುತ್ತದೆ. ಬಿದ್ದ ಏಟಿಗೆ ಮಾಗಿದ ಹಣ್ಣೆಲ್ಲ ಸಿಡಿದು ಚೆಲ್ಲಾಡುತ್ತದೆ. ಆ ಉದುರು ಹಣ್ಣು ಹೆಂಗಸರದು. ಎಣ್ಣೆ ಹೆಚ್ಚಿರುವುದೂ ಅದರಲ್ಲೇ. ಸೋಗೆಯ ಮುಳ್ಳಿನ ನಡುವೆ ಕೈಹಾಕಿ ಒಂದೊಂದನ್ನೇ ಹೆಕ್ಕಬೇಕು. ಇಪ್ಪತ್ತು ವರ್ಷದಿಂದ ಹೆಕ್ಕುತ್ತಿದ್ದೇನೆ. ಸಂಜೆಗೆ ಸೊಂಟ ನೆಟ್ಟಗಾಗಲು ಒಲೆ ಉರಿಸಿ ಗೆಣಸು ಬೇಯುವಷ್ಟು ಹೊತ್ತು ಬೇಕು.

ಬ್ಲಾಕು ನಮ್ಮದೇ. ನಮ್ಮ ಮಾವಂದಿರು ಸೆಪಿಕ್ ನದಿಯ ಕಡೆಯಿಂದ ಹಡಗು ಹತ್ತಿ ಬಂದು, ಈ ದ್ವೀಪದ ಕಾಡು ಕಡಿದು ಮಾಡಿದ ಜಮೀನು. ಆದರೆ ಗಿರಣಿ ಕಂಪನಿಯದು, ಲಾರಿಯೂ ಕಂಪನಿಯದು. ಹೆಕ್ಕಿದ್ದನ್ನು ದೊಡ್ಡ ಬಲೆಗೆ ತುಂಬಿ ರಸ್ತೆ ಪಕ್ಕ ಇಟ್ಟರೆ ಲಾರಿಯ ಕ್ರೇನು ಎತ್ತಿಕೊಳ್ಳುತ್ತದೆ. ಕಂಪನಿಯ ಇನ್‌ಸ್ಪೆಕ್ಟರ್ ಬೆನ್ಸನ್ ತನ್ನ ಪುಸ್ತಕದಲ್ಲಿ ಒಂದು ಗೀಟು ಎಳೆದುಕೊಂಡು ಹೋದರೆ ಲಾರಿ ನಮ್ಮ ಬ್ಲಾಕಿನ ಮುಂದೆ ನಿಲ್ಲುವುದಿಲ್ಲ, ಹಣ್ಣು ಅಲ್ಲೇ ಕೊಳೆಯುತ್ತದೆ. ಹೈಸ್ಕೂಲಿನ ಬೋರ್ಡಿನಲ್ಲೂ ಅವನದೊಂದು ಕುರ್ಚಿ ಇದೆ.

"ಕೊಲೆಟಾ," ಎಂದ ಹೋಗುವಾಗ, ಈಗ ನಗುತ್ತಾ. "ನಿನ್ನ ಮಗಳ ಫಾರಂ ನೋಡ್ದೆ ಕಣಮ್ಮಿ. ಕೆಮಿಸ್ಟ್ರಿ ಅಂತೆ! ಫಿಸಿಕ್ಸ್ ಅಂತೆ! ಬೋರ್ಡಲ್ಲಿ ಎಲ್ರೂ ಬಿದ್ದೂ ಬಿದ್ದೂ ನಕ್ಕೊ. ನಾನೇ ಕೆಂಪು ಪೆನ್ನಲ್ಲಿ ಹೊಡ್ದಾಕ್ದೆ."

ಪಕ್ಕದ ಸಾಲಿನಲ್ಲಿ ಹೆಕ್ಕುತ್ತಿದ್ದ ಮುದುಕಿ ಅಪೊಲೋನಿಯಾ ಬಾಯಲ್ಲಿದ್ದ ಅಡಿಕೆಯ ಕೆಂಪು ರಸವನ್ನು ಅವನು ನಡೆದುಹೋದ ದಾರಿಗೆ ಉಗಿದಳು. "ಬಡ್ಡೀಮಗ. ಇವ್ನ ಮಗ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡ್ದವ್ನೆ. ಅವ್ನಿಗೆ ಮಾತ್ರ ಕೆಮಿಸ್ಟ್ರಿ."

ನಾನು ಬಕೀಟು ಅಲ್ಲೇ ಇಟ್ಟೆ.

*

ಹೆಡ್‌ಮಾಸ್ಟರ್ ಮೊರಿಯಾ ನನ್ನನ್ನು ಶಾಲೆಯ ಜಗಲಿಯಲ್ಲೇ ನಿಲ್ಲಿಸಿದರು. "ಒಳಗೆ ಬೇಡಮ್ಮ. ಕಾಲೆಲ್ಲ ಎಣ್ಣೆ ನಿಂದು. ಈಗಷ್ಟೇ ನೆಲ ಒರೆಸಿದಾರೆ."

ಮಗಳು ಡೆಲ್ಮಾ ನನ್ನ ಪಕ್ಕದಲ್ಲಿ ನಿಂತಿದ್ದಳು. ಹತ್ತನೆಯ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಇಡೀ ಶಾಲೆಗೆ ಮೊದಲು ಬಂದವಳು ಅವಳೇ. ಹನ್ನೊಂದನೆಯ ತರಗತಿ ಮುಂದಿನ ಸೋಮವಾರ ಶುರು. ಕಿಟಕಿಯ ಕಟ್ಟೆಯ ಮೇಲೆ ಮೊರಿಯಾ ಫಾರಂ ಇಟ್ಟರು. ಮಗಳು ದುಂಡಗೆ ಬರೆದಿದ್ದ ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ ಮೂರರ ಮೇಲೂ ಕೆಂಪು ಗೀಟು. ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ: ಅನ್ವಯಿಕ ವಿಜ್ಞಾನ.

"ಇದೂ ವಿಜ್ಞಾನವೇ ಕಣಮ್ಮ. ಗೊಬ್ಬರ ಮಾಡೋದು, ಔಷಧಿ ಹೊಡೆಯುವಾಗ ಕೈಗೆ ಗವಸು ಹಾಕ್ಕೊಳ್ಳೋದು, ಬಾವಿ ನೀರು ಕಾಯಿಸಿ ಕುಡಿಯೋದು. ಬ್ಲಾಕಿನ ಮಕ್ಕಳಿಗೆ ಉಪಯೋಗಕ್ಕೆ ಬರೋದು."

"ಕೆಮಿಸ್ಟ್ರಿ ಓದಿದ್ರೆ ರಾಜಧಾನಿಗೆ, ಮೊರ್ಸ್ಬಿ ಯೂನಿವರ್ಸಿಟಿಗೆ ಹೋಗ್ಬೋದು ಸಾರ್. ಇದು ಓದಿದ್ರೆ?" ಎಂದಳು ಡೆಲ್ಮಾ.

"ಮನೆಗೆ ಹೋಗಬಹುದು."

ಒಳಗೆ ಕೂತಿದ್ದ ಇಬ್ಬರು ಮೇಷ್ಟ್ರುಗಳು ಕಿಸಕ್ಕೆಂದರು.

"ಸೈನ್ಸ್ ಕೊಟ್ಟಿರೋ ಕಂಪನಿ ಕಾಂಪೌಂಡಿನ ಹುಡುಗ್ರಲ್ಲಿ ಒಂಬತ್ತು ಜನದ ಮಾರ್ಕ್ಸು ನನಗಿಂತ ಕಮ್ಮಿ ಸಾರ್. ಬ್ಲಾಕಿನಿಂದ ನಾವು ಏಳು ಜನ ಕೇಳಿದ್ವಿ. ಏಳು ಜನಕ್ಕೂ ಗೀಟು ಹೊಡೆದಿದೀರಿ."

"ಲ್ಯಾಬು ಕಟ್ಟಿಸಿಕೊಟ್ಟವರು ಕಂಪನಿಯವರು. ಅವರ ಆಫೀಸಿನವರ ಮಕ್ಕಳಿಗೆ ಮೊದಲು. ಅದು ಬೋರ್ಡಿನ ತೀರ್ಮಾನ." ಮೊರಿಯಾ ನನ್ನ ಕಡೆ ತಿರುಗಿದರು. "ಅಲ್ಲಮ್ಮ, ಇಷ್ಟು ದೂರ ಬಂದಿದೀಯ. ಕೆಮಿಸ್ಟ್ರಿ ಅಂದ್ರೆ ಏನು, ನೀನೇ ಹೇಳು ನೋಡೋಣ. ಹೇಳಿದ್ರೆ ಸೀಟು ಕೊಡ್ತೀನಿ."

ಮೇಷ್ಟ್ರುಗಳು ಪೆನ್ನು ಕೆಳಗಿಟ್ಟು ನೋಡಿದರು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಹಣೆಗೆ ಜೋತುಬಿದ್ದಿದ್ದ ನಾರಿನಲ್ಲಿ ಹೆಣೆದ ಬಿಲುಮ್ ಚೀಲದ ಹಗ್ಗವನ್ನು ಸರಿಮಾಡಿಕೊಂಡೆ.

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ," ಎಂದು ಮೊರಿಯಾ ಒಳಗಿನವರಿಗೆ ಒಪ್ಪಿಸುವಂತೆ ಹೇಳಿ ಫಾರಂ ಮಡಚಿದರು.

ಅಂಗಳದ ಆಚೆ ಲ್ಯಾಬಿನ ಕಿಟಕಿ ತೆರೆದಿತ್ತು. ಡೆಲ್ಮಾ ಅಲ್ಲಿ ನಿಂತುಬಿಟ್ಟಳು. ಒಳಗೆ ಮೇಲಿನ ತರಗತಿಯ ಹುಡುಗಿಯೊಬ್ಬಳು ಉದ್ದನೆಯ ಗಾಜಿನ ಕೊಳವೆಯಿಂದ ತೊಟ್ಟುತೊಟ್ಟಾಗಿ ಏನನ್ನೋ ಬಿಡುತ್ತಿದ್ದಳು. ಕೆಳಗಿನ ಗಾಜಿನ ಬುದ್ದಲಿಯಲ್ಲಿ ನಮ್ಮದೇ ಎಣ್ಣೆ. ಆ ಕೆಂಪುಹಳದಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಒಂದು ತೊಟ್ಟು ಬಿದ್ದದ್ದೇ ಅದರ ಬಣ್ಣ ತಿರುಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಡೆಲ್ಮಾ ತುದಿಗಾಲಲ್ಲಿ ನಿಂತು ಕತ್ತು ಚಾಚಿದ್ದಳು. ಹಿಂಬದಿಯಿಂದ ಅವಳ ಕತ್ತಿನ ನರ ಕಾಣುತ್ತಿತ್ತು.

"ಏನೇ ಅದು?" ಎಂದೆ, ದಾರಿಯಲ್ಲಿ.

"ಎಣ್ಣೆ ಎಷ್ಟು ಹುಳಿಯಾಗದೆ ಅಂತ ಅಳೀತಾರೆ ಅವ್ವ. ಹಣ್ಣು ಜಜ್ಜಿ ಬಿಸಿಲಲ್ಲಿ ನಿಂತಷ್ಟೂ ಹುಳಿ ಏರ್ತದೆ. ಒಂದು ಅಳತೆ ದಾಟಿದ್ರೆ ಹಡಗಿನೋರು ಎಣ್ಣೆ ತಗಳಲ್ಲ."

"ಅಷ್ಟೇಯಾ? ಅದ್ನ ನಾನು ಮೂಗಲ್ಲೇ ಹೇಳ್ತೀನಲ್ಲೇ. ಬೆಳಗ್ಗೆ ಬಿದ್ದಿದ್ದು ಯಾವ್ದು, ನೆನ್ನೇದು ಯಾವ್ದು ಅಂತ."

"ಮೂಗಲ್ಲಿ ಹೇಳಿದ್ರೆ ಯಾರೂ ಬರ್ಕಳಲ್ಲ ಅವ್ವ. ಅಂಕೀಲಿ ಹೇಳ್ಬೇಕು."



*

ಮಾರನೆಯ ದಿನ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವಾಗ ಮಾತು ಎದ್ದಿತು. ಗೀಟು ಬಿದ್ದ ಏಳು ಮಕ್ಕಳ ತಾಯಂದಿರಲ್ಲಿ ಐವರು ಅಲ್ಲೇ ಇದ್ದರು. ಅಪೊಲೋನಿಯಾಳ ಮೊಮ್ಮಗಳೂ ಆ ಏಳರಲ್ಲಿ ಒಬ್ಬಳು.

"ಹಣ್ಣು ಹೆಕ್ಕೋದೇ ಬ್ಯಾಡ ಅಪೊಲೋನಿಯಾ ಅತ್ತೆ," ಎಂದೆ. "ಮರದ ಬುಡದಲ್ಲೇ ಬಿದ್ದಿರ್ಲಿ."

"ಊಹ್ಞೂಂ." ಅಪೊಲೋನಿಯಾ ಬಟ್ಟೆ ಹಿಂಡಿ ಬಂಡೆಗೆ ಬಡಿದಳು. "ಬುಡದಲ್ಲೇ ಬಿಟ್ರೆ ಸೋಂಬೇರಿಗಳು ಅಂದ್ಬಿಟ್ಟು ಸುಮ್ಕಾಯ್ತರೆ. ಹೆಕ್ಕಾನ. ಒಂದೂ ಬಿಡ್ದಂಗೆ ಹೆಕ್ಕಾನ. ಬಲೆ ತುಂಬ್ಸಿ ರಸ್ತೆ ಪಕ್ಕ ಮಡಗಾನ. ಲಾರಿ ಬಂದಾಗ ಅದ್ರ ಮ್ಯಾಲೆ ಕುಂತ್ಕಳಾನ. ಕೊಳೀತದಲ್ಲ, ಅವರ ಕಣ್ಣೆದುರ್ಗೇ ಕೊಳೀಲಿ."

"ಅವ್ರು ಲಾರಿ ಕಳ್ಸೋದೇ ನಿಲ್ಲಿಸ್ಬುಟ್ರೆ?" ಎಂದಳು ಒಬ್ಬಳು.

"ಗಿರಣಿ ಬಾಯಿಗೆ ಏನಾಕ್ತಾರೆ? ಬೆನ್ಸನ್ನನ ತಲೆಯಾ? ಅದನ್ನ ಹಿಂಡಿದ್ರೆ ಏನೂ ಬರಕಿಲ್ಲ."

ನೀರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ಗಂಡನಿಗೆ ಹೇಳಿದಾಗ ಅವನು ನಗಲಿಲ್ಲ.

"ನನ್ನ ಗೊನೇನೂ ಅದೇ ಲಾರೀಲಿ ಹೋಗಬೇಕು. ತಲೆ ಕೆಟ್ಟದಾ ನಿಂಗೆ? ಒಂದು ಹುಡುಗಿ ಏನೋ ಓದಕ್ಕೆ?"

"ಏಳು ಮಕ್ಳು," ಎಂದೆ.

ಅವನು ತಿಂದ ತಟ್ಟೆಯನ್ನು ಬದಿಗೆ ತಳ್ಳಿದ. ಡೆಲ್ಮಾ ಅದನ್ನೆತ್ತಿಕೊಂಡು ತೊಳೆಯಲು ಹೋದಳು. ಅವನು ಕೈ ತೊಳೆದು ಬಂದು, "ಬಲೆ ಹೊರಾಕೆ ಆಗ್ದಿದ್ರೆ ಕೂಗು," ಎಂದ.

*

ಗುರುವಾರ ಬೆಳಗಾಗುವಷ್ಟರಲ್ಲಿ ಮಣ್ಣುರಸ್ತೆಯ ಉದ್ದಕ್ಕೂ ಉದುರು ಹಣ್ಣಿನ ಬಲೆಗಳು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಒಬ್ಬೊಬ್ಬ ಹೆಂಗಸು. ಕೆಲವರ ಮಡಿಲಲ್ಲಿ ಕೂಸು. ನಲವತ್ತಕ್ಕೆ ಕಮ್ಮಿ ಇರಲಿಲ್ಲ. ಮಕ್ಕಳು ಏಳೂ ಜನ ಶಾಲೆಯ ಬಟ್ಟೆಯಲ್ಲೇ ಬಂದು ತಾಳೆಮರದ ನೆರಳಲ್ಲಿ ನಿಂತರು.

ಲಾರಿ ಬಂತು. ಅದರ ಬೆನ್ನಿನ ಕ್ರೇನು ಕೊಕ್ಕೆ ಇಳಿಸಿತು. ಅಪೊಲೋನಿಯಾ ಎರಡೂ ಕೈಯಲ್ಲಿ ಕೊಕ್ಕೆ ಹಿಡಿದುಕೊಂಡು ಬಲೆಯ ಮೇಲೆ ಭದ್ರವಾಗಿ ಕೂತಳು.

"ಎತ್ತಪ್ಪಾ. ನನ್ನೂ ಸೇರ್ಸಿ ಎತ್ತು. ಗಿರಣೀಲಿ ಹಾಕಿ ಹಿಂಡಿದ್ರೆ ಎರಡು ಬಾಟ್ಲಿ ಎಣ್ಣೆ ನನ್ನಲ್ಲೂ ಬತ್ತದೆ."

ಡ್ರೈವರ್ ನಕ್ಕು ಕ್ರೇನು ನಿಲ್ಲಿಸಿದ. ಬೆನ್ಸನ್ ಮೋಟಾರ್‌ಬೈಕಿನಲ್ಲಿ ಬಂದ. ಬೈದ. ಪೊಲೀಸರನ್ನು ಕರೆಸುತ್ತೇನೆ ಎಂದ. ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, ನಿನ್ನ ಬ್ಲಾಕಿಗೆ ಇನ್ನು ಲಾರಿ ಬರಲ್ಲ, ನಿನ್ನದಕ್ಕೂ ಬರಲ್ಲ ಎಂದ. ನಲವತ್ತು ಹೆಸರು ಕೂಗುವಷ್ಟರಲ್ಲಿ ಅವನ ಗಂಟಲು ಒಡೆದುಹೋಯಿತು.

"ನೀರು ಕುಡೀರಿ ಸಾರ್," ಎಂದಳು ಯಾರೋ. "ಕಾಯಿಸಿ ಕುಡೀರಿ. ನಮ್ಮ ಮಕ್ಳಿಗೆ ಅದ್ನೇ ಅಲ್ವಾ ಕಲ್ಸೋದು."

ಬಿಸಿಲೇರಿತು. ಹಿಂದಿನ ದಿನ ಹೆಕ್ಕಿದ ಹಣ್ಣು ನಮ್ಮ ಕೆಳಗೆ ಬೆಚ್ಚಗಾಗುತ್ತಿತ್ತು. ಮೊದಲು ಬರುವುದು ಸಿಹಿ ವಾಸನೆ, ಹಸಿ ಕುಂಬಳಕಾಯಿ ಹೆಚ್ಚಿದಂತೆ. ಮಧ್ಯಾಹ್ನದ ಹೊತ್ತಿಗೆ ಅದರ ಅಡಿಯಿಂದ ಇನ್ನೊಂದು ವಾಸನೆ ಏಳುತ್ತದೆ, ಮೂಗಿನ ಒಳಗೆ ಚುಚ್ಚುವಂಥದು. ಬೆನ್ಸನ್ ಫೋನಿನಲ್ಲಿ ಬೆನ್ನು ಬಗ್ಗಿಸಿ ಮಾತಾಡುತ್ತಿದ್ದ. "ಆಯ್ತು ಸಾರ್. ಇಲ್ಲ ಸಾರ್. ಕೇಳ್ತಾ ಇಲ್ಲ ಸಾರ್."

ಎರಡು ಗಂಟೆಗೆ ಕಂಪನಿಯ ಜೀಪು ಬಂತು. ಮೊರಿಯಾ ಇಳಿದರು. ನೆತ್ತಿಯ ಬೆವರು ಒರೆಸಿಕೊಂಡು, ನಾನು ಕೂತಿದ್ದ ಬಲೆಯ ಹತ್ತಿರಕ್ಕೇ ಬಂದರು.

"ಡೆಲ್ಮಾನ ಕರಿಯಮ್ಮ."

ಡೆಲ್ಮಾ ಬಂದಳು. ಅವರ ಕೈಯಲ್ಲಿ ಹೊಸ ಫಾರಂ ಇತ್ತು. ಮೂರು ವಿಷಯವನ್ನೂ ಟೈಪ್ ಮಾಡಿದ್ದರು. ಕೆಳಗೆ ಬೋರ್ಡಿನ ಮೊಹರು, ಸಹಿ. ಗೀಟು ಇರಲಿಲ್ಲ.

"ತಗೋ. ನಿನ್ನ ಮಾರ್ಕ್ಸ್ ನೋಡಿ ಬೋರ್ಡು ವಿಶೇಷವಾಗಿ ಕೊಟ್ಟಿದೆ. ನಿನ್ನೊಬ್ಬಳಿಗೆ. ಸೋಮವಾರ ಲ್ಯಾಬಿಗೆ ಬಾ. ಈಗ ನಿಮ್ಮಮ್ಮನ ಎದ್ದೇಳು ಅನ್ನು."

ನನ್ನ ಬಾಯಲ್ಲಿ ನೀರಾಡಿತು. ಸುಳ್ಳೇಕೆ ಹೇಳಲಿ, ನಾನಾಗಿದ್ದರೆ ಕಸಿದುಕೊಂಡುಬಿಡುತ್ತಿದ್ದೆ. ನನ್ನ ಕಾಲು ಆಗಲೇ ನೆಲ ಹುಡುಕುತ್ತಿತ್ತು. ಪಕ್ಕದ ಬಲೆಯಲ್ಲಿ ಅಪೊಲೋನಿಯಾ ಆ ಕಡೆ ತಿರುಗಿ ಕೂತಳು. ನನ್ನನ್ನು ನೋಡಬಾರದು ಎಂದೇ ತಿರುಗಿದಳು ಅನ್ನುವುದು ನನಗೆ ತಿಳಿಯಿತು.

"ತಗಳೇ," ಎಂದೆ. ಕೇಳಿಸಿತೋ ಇಲ್ಲವೋ.

ಡೆಲ್ಮಾ ಫಾರಂ ತೆಗೆದುಕೊಂಡಳು. ಮೇಲಿಂದ ಕೆಳಗೆ ಓದಿದಳು. ಇನ್ನೊಂದು ಸಲ ಓದಿದಳು. ಮರದ ನೆರಳಲ್ಲಿ ನಿಂತಿದ್ದ ಆರು ಜನರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು.

"ಪೆನ್ನು ಕೊಡಿ ಸಾರ್."

ಮೊರಿಯಾ ಜೇಬಿನಿಂದ ಪೆನ್ನು ತೆಗೆದು, ತಾವೇ ಮುಚ್ಚಳ ಬಿಚ್ಚಿ ಕೊಟ್ಟರು. ಅವಳು ಜೀಪಿನ ಮೂತಿಯ ಮೇಲೆ ಕಾಗದ ಹರಡಿ, ತನ್ನ ಹೆಸರಿನ ಕೆಳಗೆ ಬರೆಯತೊಡಗಿದಳು. ಮೊದಲನೆಯದು ಅಪೊಲೋನಿಯಾಳ ಮೊಮ್ಮಗಳ ಹೆಸರು. ಆಮೇಲೆ ಎರಡನೆಯದು, ಮೂರನೆಯದು. ಅವಸರವಿಲ್ಲದೆ, ಪರೀಕ್ಷೆಯಲ್ಲಿ ಬರೆಯುವಂತೆ ದುಂಡಗೆ ಬರೆದಳು. ಆರೂ ಮುಗಿಸಿ ಕಾಗದವನ್ನು ತಿರುಗಿಸಿ ಅವರ ಮುಂದೆ ಹಿಡಿದಳು.

"ಏನು ಮಾಡಿದೆ ನೀನು? ಇದು ಸರ್ಕಾರಿ ಕಾಗದ!"

"ಏಳು ಜನ ಕೇಳಿದ್ವಿ ಸಾರ್."

"ಹಂಗಾದ್ರೆ ಒಬ್ಬರಿಗೂ ಇಲ್ಲ. ತಿಳೀತಾ? ನಿನಗೂ ಇಲ್ಲ!" ಮೊರಿಯಾ ಕಾಗದ ಕಿತ್ತುಕೊಂಡು ಎರಡಾಗಿ ಹರಿದರು, ನಾಲ್ಕಾಗಿ ಹರಿದರು. ನನಗೆ ಗೊತ್ತಿಲ್ಲದೆಯೇ ನಾನು ಕಿರುಚಿದ್ದೆ. ಮೊಹರಿದ್ದ ಚೂರು ನನ್ನ ಕಾಲ ಬಳಿ ಬಿತ್ತು.

ಅಪೊಲೋನಿಯಾ ತನ್ನ ಬಲೆಯಿಂದ ಇಳಿದಳು. ಸೋತಳು ಎಂದುಕೊಂಡು ಬೆನ್ಸನ್ ಡ್ರೈವರನಿಗೆ ಕೈಮಾಡಿದ. ಅವಳು ಬಲೆಯ ಕಿವಿ ಹಿಡಿದು ರಸ್ತೆಯ ನಡುವಿಗೆ ಎಳೆದಳು. ಎಪ್ಪತ್ತರ ಮುದುಕಿ, ಅದು ಎರಡು ಗೇಣು ಕದಲಿತು. ನಾನು ಇಳಿದು ಇನ್ನೊಂದು ಕಿವಿ ಹಿಡಿದೆ. ಆಮೇಲೆ ಎಲ್ಲರೂ ಎಳೆದರು. ದೋಟಿ ಹಿಡಿದು ದೂರ ನಿಂತಿದ್ದ ಗಂಡಸರಲ್ಲಿ ನನ್ನ ಗಂಡ ದೋಟಿಯನ್ನು ಮರಕ್ಕೊರಗಿಸಿ ಬಂದು ಕೈಹಾಕಿದ. ಜೀಪಿನ ಹಿಂದೊಂದು ಸಾಲು, ಲಾರಿಯ ಮುಂದೊಂದು ಸಾಲು. ಒಂದೇ ರಸ್ತೆ ನಮ್ಮದು. ಸಮುದ್ರದ ಕಡೆಗೂ ಅದೇ, ಗಿರಣಿಯ ಕಡೆಗೂ ಅದೇ.

"ಇದು ಜೈಲಿಗೆ ಹೋಗೋ ಕೆಲಸ!" ಎಂದರು ಮೊರಿಯಾ. ಜೀಪು ಹತ್ತಿ ಬಾಗಿಲು ಹಾಕಿಕೊಂಡರು. ವಾಸನೆಗೆ ತಾಳದೆ ಗಾಜನ್ನೂ ಏರಿಸಿದರು. ಒಳಗೆ ಸೆಕೆ ತಡೆಯಲಾಗದೆ ಮತ್ತೆ ಇಳಿಸಿದರು.

ತಿರುವಿನಾಚೆ ಇನ್ನೊಂದು ಲಾರಿ ಬಂದು ಹಾರನ್ ಹೊಡೆಯಿತು. ಅದರ ಹಿಂದೆ ಮತ್ತೊಂದು. ಅವುಗಳ ತುಂಬ ಮೇಲಿನ ಬ್ಲಾಕುಗಳ ಗೊನೆ. ಅದೂ ಬಿಸಿಲಿಗೆ ಬಿರಿಯುತ್ತಿತ್ತು. ಪೊಲೀಸರು ಪಟ್ಟಣದಿಂದ ಹೊರಟಿದ್ದಾರೆ ಎಂದು ಬೆನ್ಸನ್ ಎಲ್ಲರಿಗೂ ಕೇಳುವಂತೆ ಹೇಳಿದ. ಕೂಸುಗಳಿದ್ದವರು ಕೂಸುಗಳನ್ನು ಅತ್ತೆಯರ ಕೈಗೆ ದಾಟಿಸಿ ಬಂದು ಮತ್ತೆ ಕೂತರು. ಡ್ರೈವರ್ ಲಾರಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ನೆರಳಿಗೆ ಹೋಗಿ ಅಡಿಕೆ ಕಚ್ಚಿದ.

ಡೆಲ್ಮಾ ಚೀಲದಿಂದ ನೋಟ್‌ಬುಕ್ ತೆಗೆದು, ಮಧ್ಯದ ಹಾಳೆ ಬಿಡಿಸಿಕೊಂಡಳು. ಮೊಣಕಾಲ ಮೇಲಿಟ್ಟುಕೊಂಡು ಮೊದಲಿನಿಂದ ಬರೆದಳು: ಏಳು ಹೆಸರು, ಒಂದೊಂದರ ಮುಂದೂ ಮೂರು ವಿಷಯ. ಕೆಳಗೆ ಸಹಿಗೆ ಜಾಗ ಬಿಟ್ಟಳು. ಎದ್ದು ಹೋಗಿ ಜೀಪಿನ ಕಿಟಕಿಯೊಳಕ್ಕೆ ಹಾಳೆಯನ್ನೂ ಅವರದೇ ಪೆನ್ನನ್ನೂ ಚಾಚಿದಳು.

ಮೊರಿಯಾ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎದುರಿನ ಗಾಜನ್ನೇ ನೋಡುತ್ತಿದ್ದರು.

ಅವಳು ಕೈ ಇಳಿಸಲಿಲ್ಲ.