ಗಂಧದ ಕೊಂಬೆಗೆ ಎರಡು ಚೀಟಿ

ವಡೋದರದ ಒಂದು ಸಸ್ಯ ಸಂಗ್ರಹಾಲಯದಲ್ಲಿ ಒಣಗಿಸಿದ ಗಿಡಗಳನ್ನು ಗುರುತಿಸಿ ಹೆಸರು ಬರೆಯುವುದು ನನ್ನ ಕೆಲಸ. ಈ ವರ್ಷ ಶ್ರೀಗಂಧದ ಕುಲವನ್ನು ಕೈಗೆತ್ತಿಕೊಂಡಿದ್ದೆ. ಗಂಧ ನಮ್ಮದೊಂದೇ ಎಂದುಕೊಂಡವರಿಗೆ ಹೇಳಬೇಕು, ಅದರ ಬಳಗ ಆಸ್ಟ್ರೇಲಿಯಾ, ಫಿಜಿ ದಾಟಿ ಹವಾಯಿಯವರೆಗೂ ಹಬ್ಬಿದೆ.

ಅಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಸೂರತ್‌ಗೆ ಬಂದು ನಲವತ್ತು ವರ್ಷವಾಯಿತು. ಅಲ್ಲಿನ ಮನೆಯಂಗಳದ ಗಂಧದ ಮರದಿಂದ ಒಂದು ಕೊಂಬೆ ಕಳಿಸಿ ಎಂದಿದ್ದೆ. ಕಳಿಸಿದರು. ಜೊತೆಗಿದ್ದ ಚೀಟಿಯಲ್ಲಿ, ‘ಸಿಕ್ಕಿದ ಸ್ಥಳ’ ಎಂಬ ಕಡೆ, ‘ತರೀಕೆರೆ’ ಎಂದು ಬರೆದಿದ್ದರು! ಸಿಟ್ಟು ಬಂದು ಫೋನ್ ಮಾಡಿದೆ.

“ಅಪ್ಪ, ಮರ ಎಲ್ಲಿ ನಿಂತಿದೆಯೋ ಆ ಊರು ಬರೀಬೇಕು. ಇಲ್ಲಾಂದ್ರೆ ನಕ್ಷೆಯಲ್ಲಿ ಚುಕ್ಕೆ ತಪ್ಪು ಜಾಗಕ್ಕೆ ಬೀಳುತ್ತೆ.”

“ಬೀಜ ತಂದಿದ್ದು ತರೀಕೆರೆಯಿಂದ ಕಣಮ್ಮ. ಎಲ್ಲಿ ಬೆಳೆದ್ರೂ ಅದು ಅಲ್ಲೀದೇ.”

ವಾದ ಮಾಡಿ ಸೋತೆ. ನಮ್ಮಲ್ಲಿ ಹಳೆಯ ಚೀಟಿ ತಪ್ಪಾಗಿದ್ದರೂ ಕೀಳುವಂತಿಲ್ಲ. ಪಕ್ಕದಲ್ಲಿ ಸರಿಯಾದದ್ದನ್ನು ಅಂಟಿಸಬೇಕು. ‘ಸೂರತ್, ನೆಟ್ಟು ಬೆಳೆಸಿದ್ದು’ ಎಂದು ಬರೆದು, ಅಂಟು ಹಚ್ಚಿ ಒತ್ತಿದೆ.

ಹೊಸದಾಗಿ ಸೇರಿದ್ದ ಹೇತಲ್ ಎಂಬ ವಿದ್ಯಾರ್ಥಿನಿ ಎರಡೂ ಚೀಟಿ ಓದಿ, ಗುಜರಾತಿಯಲ್ಲಿ ಕೇಳಿದಳು: “ಬೆನ್, ನಿಮ್ಮ ಊರು ಯಾವುದು?”

“ತರೀಕೆರೆ,” ಎಂದೆ, ತಲೆ ಎತ್ತದೆ.

ಹುಟ್ಟಿ ಬೆಳೆದದ್ದು ಸೂರತ್‌ನಲ್ಲಿ. ತರೀಕೆರೆಯನ್ನು ನಾನು ನೋಡಿರುವುದು ಎರಡೇ ಸಲ.