ಐರ್ಲೆಂಡಿನಲ್ಲಿ ಜಯವ್ವನ ಗುರುತು

ರಾಣೇಬೆನ್ನೂರಿನ ಸುತ್ತಮುತ್ತ ಟೊಮೆಟೊ ಬೀಜದ ಪ್ಲಾಟು ಮಾಡುವವರಲ್ಲಿ ಜಯವ್ವನ ಹೆಸರು ಕೇಳದವರು ಯಾರಾದರೂ ಇದ್ದರೆ, ಅವರು ಈ ಕಸುಬಿಗೆ ನಿನ್ನೆ ಮೊನ್ನೆ ಬಂದವರೇ ಇರಬೇಕು. ಇಪ್ಪತ್ತೆಂಟು ವರ್ಷದಿಂದ ಆಕೆ ಕ್ರಾಸಿಂಗ್ ಮಾಡುತ್ತಿದ್ದಾಳೆ. ಅಂದರೆ, ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಗಿಡದ ಮುಂದೆ ಕೂತು, ನಾಳೆ ಅರಳಬೇಕಾದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ಕಿತ್ತು ತೆಗೆಯುವುದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸುವುದು. ಮುಟ್ಟಿಸಿದ ಕೂಡಲೇ ಹೂವಿನ ಬುಡದಲ್ಲಿರುವ ಐದಾರು ಹಸಿರು ಎಲೆಗಳಲ್ಲಿ ಎರಡನ್ನು ಕತ್ತರಿಸಿಬಿಡುವುದು. ಅದೇ ಗುರುತು. ಹಣ್ಣು ಕೆಂಪಾದಾಗ ತೊಟ್ಟಿನ ಎಲೆ ಮೊಟಕಾಗಿದ್ದರೆ ಅದು ಕ್ರಾಸಿಂಗ್ ಹಣ್ಣು, ಬೀಜಕ್ಕೆ ಹೋಗುತ್ತದೆ. ಎಲೆಗಳೆಲ್ಲ ಇದ್ದಂತೆಯೇ ಇದ್ದರೆ ತಾನಾಗಿ ಕಟ್ಟಿದ ಹಣ್ಣು. ಅದಕ್ಕೆ ಇಲ್ಲಿಯವರು ಸೆಲ್ಫ್ ಅನ್ನುತ್ತಾರೆ, ಕಿತ್ತು ಒಗೆಯುತ್ತಾರೆ.

ಈ ಗುರುತಿನ ವಿಷಯಕ್ಕೆ ಬಂದರೆ ಜಯವ್ವ ಬಲು ಖಡಕ್ಕು. ಕ್ರಾಸಿಂಗ್ ಮಾಡದೆಯೇ, ಕಾಯಿ ಕಟ್ಟಿದ ಮೇಲೆ ಸುಮ್ಮನೆ ಅದರ ಎಲೆಗೆ ಕತ್ತರಿ ಹಾಕಿ ತನ್ನ ಬುಟ್ಟಿ ತುಂಬಿಸಿಕೊಳ್ಳುವ ಕೈಗಳೂ ಇರುತ್ತವೆ, ಇಲ್ಲವೆಂದು ಹೇಳಲಾಗದು. ಅಂಥ ನಾಲ್ಕು ಹಣ್ಣು ಸೇರಿದರೆ ಸಾಕು, ಇಡೀ ಪ್ಲಾಟಿನ ಬೀಜ ಕೆಡುತ್ತದೆ. ಒಮ್ಮೆ ತನ್ನ ಸ್ವಂತ ತಂಗಿ ಹಾಗೆ ಮಾಡಿದ್ದನ್ನು ಕಂಡು, ಜಯವ್ವ ಎಲ್ಲರೆದುರಿಗೆ ಅವಳನ್ನು ಸಾಲಿನಿಂದ ಎಬ್ಬಿಸಿ ಮನೆಗೆ ಅಟ್ಟಿದ್ದಳು. ತಂಗಿ ಎರಡು ವರ್ಷ ಮಾತು ಬಿಟ್ಟಳು. ಬಿಡಲಿ ಎಂದಳು ಜಯವ್ವ.

ಇಂಥ ಅತ್ತೆಯ ಕೈಗೆ ಸಿಕ್ಕ ಸೊಸೆ ಮೀನಾಕ್ಷಿ. ಹೊಸರಿತ್ತಿಯ ಹುಡುಗಿ. ಮಗ ಚನ್ನೇಶನನ್ನು ಮದುವೆಯಾಗಿ ಬಂದಾಗ ಕೃಷಿ ಪದವಿ ಮುಗಿಸಿದ್ದಳು. ಕಾಲೇಜಿನಲ್ಲಿ ನಾಲ್ಕು ಹೂವಿಗೆ ಚಿಮಟ ಮುಟ್ಟಿಸಿದ್ದೇ ಅವಳ ಅನುಭವ. ಜಯವ್ವನ ಪಕ್ಕ ಕೂತ ಮೊದಲ ದಿನವೇ ನಲವತ್ತು ಮೊಗ್ಗು ಹಾಳು ಮಾಡಿದಳು.

“ಮೊಗ್ಗು ಮೆತ್ತಗಿರ್ತಾವು ಅಂತ ನಿಮ್ಮ ಪುಸ್ತಕದಾಗ ಬರದಿಲ್ಲೇನವ್ವಾ?” ಎಂದು ಜಯವ್ವ ಕೇಳಿದ್ದಕ್ಕೆ ಸಾಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮೀನಾಕ್ಷಿ ಮುಖ ಊದಿಸಿಕೊಳ್ಳಲಿಲ್ಲ. ಮರುದಿನವೂ ಬಂದು ಕೂತಳು. ಆ ಹಂಗಾಮು ಮುಗಿಯುವ ಹೊತ್ತಿಗೆ ಜಯವ್ವನ ಗೆಳತಿ ಜೈತೂನಬಿಯ ವೇಗಕ್ಕೆ ಸರಿಗಟ್ಟುತ್ತಿದ್ದಳು. ಧಾರವಾಡದಲ್ಲಿ ಎಂಎಸ್ಸಿ ಸೇರಿದ ಮೇಲೂ ರಜೆಗೆ ಬಂದರೆ ನೇರ ಪ್ಲಾಟಿಗೇ ಬರುತ್ತಿದ್ದಳು.

ಧಾರವಾಡದಿಂದಲೇ ಒಂದು ಸೆಮಿಸ್ಟರ್ ಐರ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಓದಲು ಆಯ್ಕೆಯಾದಳು. ಹೋಗಿ ಬರುವ ಖರ್ಚೆಲ್ಲ ಆ ವಿಶ್ವವಿದ್ಯಾಲಯದ್ದೇ. ಸೆಪ್ಟೆಂಬರಿನಲ್ಲಿ ಹೋಗುವುದು, ಡಿಸೆಂಬರಿನಲ್ಲಿ ಬರುವುದು. ಮಾವ ಮೈಲಪ್ಪ ಮಾತ್ರ ತಲೆ ಅಡ್ಡಡ್ಡ ಆಡಿಸಿದ. ಹೆಣ್ಣುಮಗಳು ಒಬ್ಬಳೇ, ಗೊತ್ತಿಲ್ಲದ ದೇಶ, ಹೋಗಿ ಏನೂ ಆಗದೆ ಬಂದರೆ ಬಳಗದವರೆಲ್ಲ ಆಡಿಕೊಳ್ಳುವುದು ಯಾರನ್ನು?

“ಆಕಿ ನನ್ನ ಕೈಯಾಗ ಕಲ್ತಾಕಿ,” ಎಂದಳು ಜಯವ್ವ. “ಮಾಡಿ ಬರ್ತಾಳ. ಆಡಿಕೊಂಡ್ರ ನನ್ನ ಆಡಿಕೊಳ್ಳಲಿ. ಆಕಿ ಜವಾಬ್ದಾರಿ ನಂದು.”

ಅಲ್ಲಿಗೆ ಮೈಲಪ್ಪನ ಬಾಯಿ ಬಂದ್ ಆಯಿತು. ಜಯವ್ವನ ಬಾಯಿ ಮಾತ್ರ ತೆರೆದದ್ದು ಮುಚ್ಚಲಿಲ್ಲ. ಸೊಸೆ ಐರ್ಲೆಂಡಿಗೆ ಹೋದದ್ದನ್ನು ಬ್ಯಾಡಗಿ ಬಸ್ಸಿನ ಕಂಡಕ್ಟರನಿಗೆ ಹೇಳಿದಳು. ಹಾವೇರಿ ಆಸ್ಪತ್ರೆಗೆ ಕಣ್ಣು ತೋರಿಸಲು ಹೋದಾಗ ಅಲ್ಲಿನ ನರ್ಸಿಗೆ ಹೇಳಿದಳು. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದು ಎಂದರೆ, “ನನಗ ಓದಾಕ ಬರಂಗಿಲ್ರಿ, ನಮ್ಮ ಸೊಸಿ ಐರ್ಲೆಂಡಿನ್ಯಾಗ ಓದಾಕತ್ತಾಳ,” ಎಂದಳು. ಡಾಕ್ಟರಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ.

ನವೆಂಬರಿನ ಎರಡನೆಯ ವಾರ, ಒಂದು ಮಧ್ಯಾಹ್ನ, ಮೀನಾಕ್ಷಿಯ ಫೋನು ಬಂತು. ಜಯವ್ವ ಪ್ಲಾಟಿನಲ್ಲೇ ಇದ್ದಳು. ಆ ಕಡೆ ಅಳು.

“ಅತ್ತೀ, ನನ್ನ ಸೆಮಿಸ್ಟರ್ ಹೋತ್ರಿ.”

ಜಯವ್ವ ಚಿಮಟ ಕೆಳಗಿಟ್ಟಳು. “ಅಳೂದ ಬಿಟ್ಟು ಹೇಳು. ಏನಾತು?”

ಆದದ್ದಿಷ್ಟು. ಅಲ್ಲಿ ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಸುತ್ತಾರೆ. ಬ್ರೆಂಡನ್ ಎಂಬ ಮೇಷ್ಟ್ರು ಆರು ಮಂದಿ ವಿದ್ಯಾರ್ಥಿಗಳಿಗೆ ಗಿಡ ಹಂಚಿ, ಮೂರು ಬೇರೆ ಬೇರೆ ಗಂಡು ತಳಿಯ ಪುಡಿ ಕೊಟ್ಟು, ಕ್ರಾಸಿಂಗ್ ಮಾಡಿ ವರದಿ ಬರೆಯಿರಿ ಎಂದಿದ್ದರು. ಯಾವ ಹೂವಿಗೆ ಯಾವ ತಳಿ ಎಂದು ಚೀಟಿ ಬರೆದು ಕಟ್ಟುವುದು ಅಲ್ಲಿನ ಪದ್ಧತಿ. ನಡುವೆ ಒಂದು ವಾರ ರಜೆ. ಆಗ ಯಾರೋ ಗಿಡಗಳನ್ನು ಪೈಪು ಹಿಡಿದು ಚೆನ್ನಾಗಿ ತೊಳೆದಿದ್ದಾರೆ, ಪುಣ್ಯಾತ್ಮರು. ಚೀಟಿಯ ಶಾಯಿಯೆಲ್ಲ ಕಲಸಿಹೋಗಿದೆ. ಉಳಿದ ಐವರಿಗೆ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಮಾಡಲು ಅವಕಾಶವಿದೆ. ಮೀನಾಕ್ಷಿಗೆ ಡಿಸೆಂಬರಿಗೆ ವಿಮಾನ. ಇದರಲ್ಲಿ ಪಾಸಾಗದಿದ್ದರೆ ಐರ್ಲೆಂಡಿಗೆ ಹೋದದ್ದೇ ದಂಡ, ಎಂಎಸ್ಸಿ ಒಂದು ವರ್ಷ ಹಿಂದೆ ಬೀಳುತ್ತದೆ.

“ಎಲಿ ಕತ್ತರಿಸೀಯಿಲ್ಲೋ?” ಎಂದು ಜಯವ್ವ ಕೇಳಿದಳು.

“ಕತ್ತರಿಸೇನ್ರಿ. ಚೀಟಿನೂ ಕಟ್ಟೇನಿ, ಎಲಿನೂ ಕತ್ತರಿಸೇನಿ. ಕೈ ತಾನ ಹೋತು. ಮೊದಲನೇ ತಳಿಗೆ ಒಂದು ಎಲಿ, ಎರಡನೇದಕ್ಕ ಎರಡು, ಮೂರನೇದಕ್ಕ ಮೂರು.”

“ಮತ್ತ ಅಳೂದ್ಯಾಕ? ಗುರುತು ಐತೆಲ್ಲ!”

“ಸರ್ ಒಪ್ಪವಲ್ರು ಅತ್ತಿ. ಮೊದಲ ಹುಳಾ ತಿಂದಾವ ಅಂತ ತಿಳಿದಿದ್ರು. ನಾ ಹೇಳಿದ ಮ್ಯಾಲ, ಚೀಟಿ ಕೆಟ್ಟಿದ್ದು ನೋಡಿ ಈಗ ಕತ್ತರಿಸಿಲ್ಲ ಅನ್ನಾಕ ಏನು ಸಾಕ್ಷಿ ಅಂತ ಕೇಳ್ತಾರ.”

ಜಯವ್ವನ ಮೂಗಿನ ತುದಿಗೆ ಸಿಟ್ಟು ಬಂತು. ತನ್ನ ಸಾಲಿನಲ್ಲಿ ಕೂತು ಕಲಿತವಳಿಗೆ ಈ ಮಾತೇ? ಹಾಗೆ ಕೇಳುವ ಹಕ್ಕು ಅವರಿಗೆ ಇದೆ ಎಂಬುದೂ ಅವಳಿಗೆ ಗೊತ್ತು. ಅವರ ಜಾಗದಲ್ಲಿ ತಾನಿದ್ದರೆ ತಾನೂ ಅದನ್ನೇ ಕೇಳುತ್ತಿದ್ದಳು. ಅದಕ್ಕೇ ಸಿಟ್ಟು ಇನ್ನೂ ಏರಿತು.

“ಸಾಕ್ಷಿ ಬೇಕೇನು? ಫೋನಿನ್ಯಾಗ ಹಣ್ಣು ತೋರಸು ಅನ್ನು ನಿಮ್ಮ ಸರ್‌ಗೆ. ಎಲಿ ಯಾವಾಗ ಕತ್ತರಿಸಿದ್ದು ಅಂತ ನಾ ನೋಡಿ ಹೇಳ್ತೀನಿ.”

ಮೇಷ್ಟ್ರು ಒಪ್ಪಿದರಂತೆ. ಆದರೆ ಒಂದು ಕರಾರು, ಮೀನಾಕ್ಷಿ ಬಾಯಿ ತೆರೆಯುವಂತಿಲ್ಲ. ಮಾತನ್ನು ಇಂಗ್ಲಿಷಿಗೆ ದಾಟಿಸಲು ಬೇರೆ ಯಾರಾದರೂ ಬೇಕು. ಬೇರೆ ಯಾರಿದ್ದಾರೆ? ಬ್ಯಾಡಗಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಚನ್ನೇಶನೇ ಬುಧವಾರ ಅರ್ಧ ದಿನ ರಜೆ ಹಾಕಿ ಬೈಕು ಹತ್ತಿ ಬಂದ.

ನಾಲ್ಕು ಗಂಟೆಗೆ ಫೋನು ಬಂತು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಜಯವ್ವ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಬದುವಿನ ಮೇಲೆ ಕೂತಳು. ಹಿಂದೆ ಜೈತೂನಬಿ, ಅವಳ ಹಿಂದೆ ಸಾಲಿನ ಹೆಂಗಸರೆಲ್ಲ. ಇವತ್ತು ಮೊಗ್ಗು ಕಾಯಲಿ ಎಂದು ಚಿಮಟ ಕೆಳಗಿಟ್ಟು ಬಂದಿದ್ದರು. ಪರದೆಯ ಮೇಲೆ ಕನ್ನಡಕವನ್ನು ಹಣೆಗೇರಿಸಿಕೊಂಡ ಉದ್ದನೆಯ ಮನುಷ್ಯ ಕಂಡ. ಒಂದು ಮೂಲೆಯಲ್ಲಿ ಮೀನಾಕ್ಷಿ, ಕೈ ಕಟ್ಟಿಕೊಂಡು ನಿಂತಿದ್ದಳು. ಸೊರಗಿದ್ದಾಳಲ್ಲ ಹುಡುಗಿ ಎಂದುಕೊಂಡಳು ಜಯವ್ವ.

“ನಮಸ್ಕಾರ್ರಿ ಸರ. ಊಟಾ ಆತೇನ್ರಿ?” ಎಂದಳು.

ಚನ್ನೇಶ ಅದನ್ನೂ ದಾಟಿಸಿದ. ಮೇಷ್ಟ್ರು ನಕ್ಕು, ಟ್ರೇಯಿಂದ ಮೊದಲ ಹಣ್ಣು ಎತ್ತಿ ತೊಟ್ಟಿನ ಕಡೆಯನ್ನು ಫೋನಿಗೆ ಹಿಡಿದರು.

“ಎರಡು,” ಎಂದಳು ಜಯವ್ವ. “ಹೂವಿದ್ದಾಗನ ಕತ್ತರಿಸ್ಯಾಳ. ಚಲೋ ಆಗೇತಿ.”

ಇನ್ನೊಂದು ಬಂತು. “ಮೂರು.” ಮತ್ತೊಂದು. “ಇದು ಸೆಲ್ಫ್. ಯಾರೂ ಮುಟ್ಟಿಲ್ಲ, ಒಗೀರಿ.” ಮೇಷ್ಟ್ರು ಕಾಗದದ ಮೇಲೆ ಗೀಚಿಕೊಳ್ಳುತ್ತ ಹೋದರು. “ಒಂದು. ಜರಾ ಮ್ಯಾಲ ಕತ್ತರಿಸ್ಯಾಳ, ಅವಸರ ಆಗಿರಬೇಕು.” ಮೂಲೆಯಲ್ಲಿ ಮೀನಾಕ್ಷಿ ತುಟಿ ಕಚ್ಚಿ ನಗು ತಡೆದುಕೊಂಡಳು. ಜೈತೂನಬಿ ಜಯವ್ವನ ಬೆನ್ನಿಗೆ ಗುದ್ದಿ, “ಭೇಷ್ ಬೇ!” ಎಂದಳು.

ಎಂಟನೆಯ ಹಣ್ಣು ಬಂತು. ಎರಡು ಎಲೆಗೆ ಕತ್ತರಿ ಬಿದ್ದಿತ್ತು. ಜಯವ್ವ ಬಾಯಿ ತೆರೆದವಳು ಹಾಗೇ ತಡೆದಳು.

“ಇನ್ನೊಂಚೂರು ಹತ್ತರ ಹಿಡೀ ಅನ್ನು.”

ಹತ್ತಿರ ಹಿಡಿದರು. ಹೂವಿದ್ದಾಗ ಕತ್ತರಿಸಿದ ಎಲೆ ಬೆಳೆಯುವುದಿಲ್ಲ. ಮೋಟಾಗಿ, ತುದಿ ಒಣಗಿ, ಸುರುಟಿಕೊಂಡಿರುತ್ತದೆ. ಈ ಎಲೆ ಪಕ್ಕದ ಎಲೆಗಳಷ್ಟೇ ಅಗಲಕ್ಕಿದೆ. ಕತ್ತರಿಯ ಗೆರೆ ನೆಟ್ಟಗಿದೆ, ಅಂಚು ಇನ್ನೂ ಹಸಿರಾಗಿದೆ. ಇದನ್ನು ಕತ್ತರಿಸಿ ಒಂದು ದಿನವೂ ಆಗಿಲ್ಲ. ಅದು ಮೀನಾಕ್ಷಿಯ ಗಿಡದ ಹಣ್ಣು. ಮತ್ತೆ ಯಾರು ಕತ್ತರಿಸುತ್ತಾರೆ?

ಚನ್ನೇಶನಿಗೂ ತಾಯಿಯ ಮುಖ ನೋಡಿ ತಿಳಿಯಿತು. ಅವನೂ ಅದೇ ಪ್ಲಾಟಿನಲ್ಲಿ ಆಡಿ ಬೆಳೆದವನು. ಫೋನನ್ನು ಅಂಗೈಯಿಂದ ಮರೆಮಾಡಿ ಪಿಸುಗುಟ್ಟಿದ.

“ಅವ್ವಾ, ಎರಡು ಅಂದುಬಿಡು. ಒಂದ ಹಣ್ಣು. ಅವರಿಗೇನು ಗೊತ್ತಾಕ್ಕೈತಿ?”

ಗೊತ್ತಾಗುವುದಿಲ್ಲ, ನಿಜ. ಎರಡು ಎಂದರೆ ಮುಗಿಯಿತು. ಸೊಸೆ ಪಾಸಾಗುತ್ತಾಳೆ, ಮೈಲಪ್ಪನಿಗೆ ಕೊಟ್ಟ ಮಾತು ಉಳಿಯುತ್ತದೆ, ಕಂಡಕ್ಟರನಿಂದ ಹಿಡಿದು ನರ್ಸಿನ ತನಕ ಯಾರ ಮುಂದೆಯೂ ತಲೆ ತಗ್ಗಿಸುವ ಪ್ರಸಂಗವಿಲ್ಲ. ಅಯ್ಯೋ ಹುಚ್ಚು ಹುಡುಗಿ, ಹೆದರಿಕೊಂಡು ಒಂದೇ ಒಂದು ಹಣ್ಣಿಗೆ ಕೈ ಹಾಕಿದೆಯಲ್ಲೇ ಎಂದು ಒಳಗೊಳಗೇ ಸಂಕಟಪಟ್ಟಳು ಜಯವ್ವ. ಎರಡು ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸ್ವಂತ ತಂಗಿಯನ್ನು ಎಬ್ಬಿಸಿ ಅಟ್ಟಿದ ಬಾಯಿ ಅದು. ಹಿಂದೆ ಕೂತ ಹೆಂಗಸರು ಅವತ್ತೂ ಇದ್ದರು, ಇವತ್ತೂ ಇದ್ದಾರೆ.

“ಸುಳ್ಳ ಗುರುತು,” ಎಂದಳು. “ಕಾಯಿ ಆದ ಮ್ಯಾಲ ಕತ್ತರಿಸಿದ್ದು. ನಿನ್ನೆ, ಇಲ್ಲಾ ಇವತ್ತ ಮುಂಜಾನೆ. ಹೇಳವಗ.”

ಚನ್ನೇಶ ಫೋನಿನ ಮೇಲಿನ ಅಂಗೈ ತೆಗೆಯಲಿಲ್ಲ.

“ಹೇಳ್ತೀಯೋ ಇಲ್ಲೋ? ಇಲ್ಲಂದ್ರ ಜೈತೂನಬಿ ಮಗಳನ್ನ ಕರಸ್ತೀನಿ, ಆಕಿಗೂ ಇಂಗ್ಲಿಷ್ ಬರ್ತೈತಿ.”

ಚನ್ನೇಶ ಹೇಳಿದ. ಸರ್ಕಾರಿ ಪತ್ರ ಓದಿದಂತೆ, ಒಂದೊಂದೇ ಶಬ್ದ. ಮೂಲೆಯಲ್ಲಿ ಮೀನಾಕ್ಷಿಯ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದವಳು, ಕರಾರು ನೆನಪಾಗಿ ಮುಚ್ಚಿಕೊಂಡಳು. ಜಯವ್ವ ಅವಳತ್ತ ನೋಡಲಾರದೆ ನೆಲ ನೋಡಿದಳು.

ಮೇಷ್ಟ್ರು ಹಣೆಯ ಮೇಲಿನ ಕನ್ನಡಕ ಇಳಿಸಿ ಹಾಕಿಕೊಂಡು, ಆ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಟ್ರೇಯನ್ನು ಮೇಜಿನ ಮೇಲೆ ಕುಕ್ಕಿ ಜೋರಾಗಿ ನಕ್ಕರು. ಉದ್ದಕ್ಕೆ ಏನೋ ಹೇಳಿದರು. ಚನ್ನೇಶ ಬಾಯಿ ಬಿಟ್ಟುಕೊಂಡು ಕೇಳಿದ.

“ಏನಂತಾನ? ಫೇಲ್ ಮಾಡಿದ್ನಾ?”

“ಅವ್ವಾ... ಅದನ್ನ ಸರ್ ತಾವ ಕತ್ತರಿಸಿದ್ರಂತ. ಇವತ್ತ ಮುಂಜಾನೆ. ಮೀನಾಕ್ಷಿಗೂ ಗೊತ್ತಿದ್ದಿಲ್ಲಂತ. ನೀ ಖರೇ ಹೇಳ್ತೀಯೋ, ಸೊಸಿ ಅಂತ ಮುಚ್ಚತೀಯೋ, ನೋಡಬೇಕಿತ್ತಂತ.”

“ಯಾ ಅಲ್ಲಾ!” ಎಂದು ಜೈತೂನಬಿ ಬದುವಿನ ಮೇಲೆಯೇ ಕುಸಿದು ಕೂತಳು.

“ಇವನ ಪರೀಕ್ಷಾಕ್ಕ ಬೆಂಕಿ ಹಾಕ!” ಎಂದಳು ಜಯವ್ವ. “ನನ್ನ ಜೀವಾನ ಹೋಗಿತ್ತಲ್ಲೋ!” ಇದನ್ನು ಮಾತ್ರ ಚನ್ನೇಶ ದಾಟಿಸಲಿಲ್ಲ.

ಮೇಷ್ಟ್ರ ಮಾತು ಇನ್ನೂ ಮುಗಿದಿರಲಿಲ್ಲ. ಕತ್ತರಿಸಿ ಎಷ್ಟು ದಿನವಾಯಿತೆಂದು ಎಲೆ ನೋಡಿಯೇ ಹೇಳಬಹುದು ಎಂದಾದರೆ, ಮೀನಾಕ್ಷಿಯ ಗುರುತು ಚೀಟಿಗಿಂತ ಗಟ್ಟಿ ಎಂದರು. ಅವಳು ಗುರುತು ಹಾಕಿದ ಎಲ್ಲ ಹಣ್ಣನ್ನೂ ಒಪ್ಪಿಕೊಂಡಿದ್ದೇನೆ, ವರದಿ ಬರೆಯಲಿ ಎಂದರು. ಬರುವ ವರ್ಷದಿಂದ ತಮ್ಮ ವಿದ್ಯಾರ್ಥಿಗಳೂ ಚೀಟಿಯ ಜೊತೆ ಎಲೆ ಕತ್ತರಿಸಬೇಕು, ಈ ಪದ್ಧತಿಯನ್ನು ಯಾರಿಂದ ಕಲಿತದ್ದೆಂದು ವರದಿಯಲ್ಲಿ ಬರೆಯಬೇಕು, ನಿಮ್ಮ ಅಮ್ಮನ ಪೂರ್ತಿ ಹೆಸರೇನು ಎಂದು ಕೇಳಿದರು.

ಚನ್ನೇಶ ಹೇಳಲು ಹೊರಟವನನ್ನು ತಡೆದು, ಜಯವ್ವ ತಾನೇ ಫೋನಿಗೆ ಮುಖ ಕೊಟ್ಟು ಬಿಡಿಬಿಡಿಯಾಗಿ ಹೇಳಿದಳು. “ಜಯವ್ವ. ಗಂಡನ ಹೆಸರು ಮೈಲಪ್ಪ. ರಾಣೇಬೆನ್ನೂರು ತಾಲೂಕು, ಹಾವೇರಿ ಜಿಲ್ಲಾ.” ಹಿಂದಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಇಪ್ಪತ್ತೆಂಟು ವರ್ಷದಲ್ಲಿ ಈ ಕೆಲಸಕ್ಕೆ ಅವಳ ಹೆಸರನ್ನು ಯಾರೂ ಬರೆದುಕೊಂಡಿರಲಿಲ್ಲ.

ಮೇಷ್ಟ್ರು ಫೋನನ್ನು ಮೀನಾಕ್ಷಿಯ ಕೈಗೆ ಕೊಟ್ಟು ಹೊರಗೆ ಹೋದರು.

“ತಂಗೀ,” ಎಂದಳು ಜಯವ್ವ. ಅತ್ತೆಯಾದವಳು ಸೊಸೆಯ ಮುಂದೆ ಇಂಥ ಮಾತು ಆಡುವುದು ಸುಲಭವಲ್ಲ, ಆದರೂ ಆಡಿದಳು. “ನಾ ನೀನ ಕತ್ತರಿಸೀದಿ ಅಂತ ತಿಳಿದೆ. ತಪ್ಪಾತವ್ವಾ.”

“ಗೊತ್ತಾತ್ರಿ ಅತ್ತಿ. ನಿಮ್ಮ ಮಾರಿ ಮ್ಯಾಲನ ಗೊತ್ತಾತು.” ಮೀನಾಕ್ಷಿ ಕಣ್ಣೊರೆಸಿಕೊಂಡಳು. “ನಿಮ್ಮ ಜಾಗಾದಾಗ ನಾ ಇದ್ದಿದ್ರ ಸುಮ್ನ ಎರಡು ಅಂದುಬಿಡ್ತಿದ್ದೆ. ನಿಮ್ಮನ್ನ ಬಿಟ್ಟುಕೊಡಾಕ ನನ್ನ ಕಡಿಂದ ಆಗ್ತಿದ್ದಿಲ್ರಿ.”

ಜಯವ್ವ ಕೆಳಗಿಟ್ಟಿದ್ದ ಚಿಮಟವನ್ನು ಎತ್ತಿಕೊಂಡಳು. ಹೊತ್ತು ಇಳಿಯುತ್ತಿತ್ತು, ಇವತ್ತಿನ ಮೊಗ್ಗು ಇನ್ನೂ ಉಳಿದಿದ್ದವು.

“ಹಂಗಾರ ನೀ ಇನ್ನೂ ಪೂರಾ ಕಲ್ತಿಲ್ಲ,” ಎಂದಳು. “ಅಲ್ಲೀದು ಮುಗಿಸಿಕೊಂಡು ಲಗೂ ಬಾ. ಉಳಿದಿದ್ದು ನಾ ಕಲಸ್ತೀನಿ.”